ಅಪ್ಪನ ಕಾರು, ಅಮ್ಮನ ಸೀಟು

ಗೊರೂರು ಎಂದ ಕೂಡಲೇ ಓದುವ ಹವ್ಯಾಸವಿರುವವರಿಗೆ ರಾಮಸ್ವಾಮಿ ಅಯ್ಯಂಗಾರರು ನೆನಪಾಗುತ್ತಾರೆ. ಪ್ರವಾಸ ಹೋಗುವವರಿಗೆ ಹೇಮಾವತಿ ಅಣೆಕಟ್ಟೆ ನೆನಪಾಗುತ್ತದೆ. ನನಗೆ ಮಾತ್ರ ಮೊದಲು ಕಿವಿಗೆ ಬರುವುದು ಒಂದು ಹಳೆಯ ಕಾರಿನ ಸದ್ದು. ಗುಂಡಿ ಸಿಕ್ಕಾಗ ದಡ್ ಎಂದು ಒಂದು ಸಲ, ಆಮೇಲೆ ಕಿರ್ರ್ ಕಿರ್ರ್ ಎಂದು ಮೂರು ನಾಲ್ಕು ಸಲ. ದಡ್ ಎಂದದ್ದು ರಸ್ತೆಯ ತಪ್ಪು. ಕಿರ್ರ್ ಎಂದದ್ದು ಯಾರ ತಪ್ಪು ಎಂದು ತಿಳಿಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು.

ಅಪ್ಪ ಹೇಮಾವತಿ ಯೋಜನೆಯಲ್ಲಿ ಇಂಜಿನಿಯರರಾಗಿದ್ದರು. ನಾಲ್ಕೂವರೆ ಕಿಲೋಮೀಟರಿಗೂ ಉದ್ದದ ಆ ಕಟ್ಟೆ 1979ರಲ್ಲಿ ಮುಗಿಯಿತು. ಅದನ್ನು ಕಟ್ಟಿದ ಸಾವಿರಾರು ಜನರಲ್ಲಿ ಅವರೂ ಒಬ್ಬರು. ಹಾಸನದ ನಮ್ಮ ಮನೆಯಿಂದ ಗೊರೂರಿಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಇಲಾಖೆಯ ಜೀಪು ಇದ್ದರೂ ಅಪ್ಪನಿಗೆ ಸ್ವಂತದ ಕಾರಿನ ಆಸೆ. 1973ರಲ್ಲಿ ಬೆಂಗಳೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಸ್ಟ್ಯಾಂಡರ್ಡ್ ಹೆರಾಲ್ಡ್ ತಂದರು. ಎರಡೇ ಬಾಗಿಲು, ಕೆನೆ ಬಣ್ಣ, ಹಿಂದೆ ಮೀನಿನ ರೆಕ್ಕೆಯಂತೆ ಚೂಪಾದ ಮೂಲೆಗಳು. ಊರಿನಲ್ಲಿ ಇದ್ದವೆಲ್ಲ ಗುಂಡಗುಂಡಗಿನ ಅಂಬಾಸಿಡರು, ಫಿಯೆಟ್ಟು. ಅವುಗಳ ನಡುವೆ ನಮ್ಮದು ಚೂಟಿಯಾಗಿ ಕಾಣುತ್ತಿತ್ತು. ಅಪ್ಪ ಅದನ್ನು ‘ನನ್ನ ಸ್ಪೋರ್ಟ್ಸ್ ಕಾರು’ ಎನ್ನುತ್ತಿದ್ದರು. ಅದು ಪೂರ್ತಿ ಸುಳ್ಳಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಎರಡು ಬಾಗಿಲಿನ ಕಾರಿನಲ್ಲಿ ಹಿಂದಕ್ಕೆ ಹೋಗಬೇಕಾದರೆ ಮುಂದಿನ ಸೀಟನ್ನು ಮಡಿಸಿ, ಸೊಂಟ ಬಗ್ಗಿಸಿ, ಸೆರಗು ಸಿಕ್ಕಿಹಾಕಿಕೊಳ್ಳದಂತೆ ನೋಡಿಕೊಂಡು ನುಸುಳಬೇಕು. ಆ ಸರ್ಕಸ್ಸು ಯಾವಾಗಲೂ ಅಮ್ಮನ ಪಾಲಿಗೆ. ಮುಂದೆ ಅಪ್ಪ, ಪಕ್ಕದಲ್ಲಿ ಅಣ್ಣ. ಹಿಂದೆ ಅಮ್ಮ, ನಾನು, ಊಟದ ಕ್ಯಾರಿಯರ್ರು, ನೀರಿನ ಕೂಜ. ಇದು ನಮ್ಮ ಮನೆಯಲ್ಲಿ ಯಾರೂ ಬರೆಯದೆ ಜಾರಿಯಲ್ಲಿದ್ದ ಕಾನೂನು.

ಅಮ್ಮನ ತವರು ಶೆಟ್ಟಿಹಳ್ಳಿಯ ಆಚೆಗಿನ ಒಂದು ಸಣ್ಣ ಊರು. ಶೆಟ್ಟಿಹಳ್ಳಿ ನಿಮಗೆ ಗೊತ್ತಿರಬಹುದು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು ಮಳೆಗಾಲದಲ್ಲಿ ಕತ್ತಿನವರೆಗೆ ನೀರಿನಲ್ಲಿ ನಿಂತು, ಬೇಸಿಗೆಯಲ್ಲಿ ಬುಡ ತೋರಿಸುವ ಜಾಗ. ಹೇಮಾವತಿ ನೀರು ನಿಂತಾಗ ಅಮ್ಮನ ಊರೂ ಅದರೊಳಗೆ ಹೋಯಿತು. ಅಂದರೆ ಅಮ್ಮನ ತವರನ್ನು ಮುಳುಗಿಸಿದ ಕಟ್ಟೆಯಲ್ಲಿ ಅಪ್ಪನ ಬೆವರೂ ಇತ್ತು. ಈ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಪ್ರತಿ ಬೇಸಿಗೆಯಲ್ಲಿ ಗೊರೂರಿಗೆ ಹೋಗುವುದು, ಯೋಗಾನರಸಿಂಹಸ್ವಾಮಿಗೆ ಕೈಮುಗಿಯುವುದು, ಅಪ್ಪ ಕಟ್ಟೆಯ ಮೇಲೆ ನಿಂತು ಅದರ ಹಿರಿಮೆ ಹೇಳುವುದು, ಆಮೇಲೆ ನೀರು ಇಳಿದ ಕಡೆ ಸ್ವಲ್ಪ ಹೊತ್ತು ಕಾರು ನಿಲ್ಲಿಸುವುದು. ಅಮ್ಮ ಹಿಂದಿನ ಸೀಟಿನಿಂದ ಇಳಿದು, ಸುಮ್ಮನೆ ನೋಡಿ, ಮತ್ತೆ ನುಸುಳಿ ಕೂರುತ್ತಿದ್ದರು.

ಅಪ್ಪ 1991ರಲ್ಲಿ ತೀರಿಕೊಂಡರು. ಅಣ್ಣ ಬೆಂಗಳೂರಿನಲ್ಲಿ ಮಾರುತಿ ಕೊಂಡಿದ್ದ, ಅವನಿಗೆ ಹೆರಾಲ್ಡ್ ಬೇಡ. ನನ್ನವರಿಗೆ ಸ್ಕೂಟರೇ ಸ್ವರ್ಗ. ಗುಜರಿಗೆ ಹಾಕಿಬಿಡೋಣ ಎಂಬ ಮಾತು ಬಂತು. ಹಾಸನದಲ್ಲೇ ಹೈಸ್ಕೂಲು ಟೀಚರಾಗಿದ್ದ ನಾನು, ಯಾವ ಧೈರ್ಯದಲ್ಲೋ, “ನಾನು ಕಲಿತು ಓಡಿಸ್ತೀನಿ” ಎಂದುಬಿಟ್ಟೆ. ಮೂವತ್ತಮೂರನೆಯ ವಯಸ್ಸಿಗೆ ಕಲಿತೆ. ಅಮ್ಮ ನಮ್ಮ ಜೊತೆಗೇ ಇದ್ದರು. ಅಭ್ಯಾಸಬಲ ನೋಡಿ, ಮುಂದಿನ ಸೀಟು ಖಾಲಿಯಿದ್ದರೂ ಅವರು ಹಿಂದಕ್ಕೇ ಹೋಗಿ ಕೂರುತ್ತಿದ್ದರು.

1994ರ ಫೆಬ್ರವರಿಯಲ್ಲಿ ಗೊರೂರಿನಿಂದ ವಾಪಸು ಬರುವಾಗ ಒಂದು ತಿರುವಿನಲ್ಲಿ ಆಡಿನ ಮಂದೆ ಅಡ್ಡ ಬಂತು. ನಾನು ಹೆದರಿ ಆಕ್ಸಿಲರೇಟರಿನಿಂದ ಕಾಲು ಕಿತ್ತೆ. ಕಾರಿನ ಹಿಂಭಾಗ ಎದ್ದು, ಕುಣಿದು, ಪಕ್ಕಕ್ಕೆ ಜಾರಿತು. ರಸ್ತೆಯ ಅಂಚಿನ ಮಣ್ಣಿನಲ್ಲಿ ಚಕ್ರ ಹೂತು ನಿಂತದ್ದು ನಮ್ಮ ಪುಣ್ಯ. ತಿರುಗಿ ನೋಡಿದರೆ ಅಮ್ಮ ಬಾಗಿಲ ಕಡೆಗೆ ವಾಲಿ ಭುಜ ಹಿಡಿದುಕೊಂಡಿದ್ದರು. “ಏನಾಯ್ತಮ್ಮ?” ಎಂದರೆ “ಏನೂ ಆಗ್ಲಿಲ್ಲ, ನೀನು ಹುಷಾರಾಗಿ ಹೊಡಿ” ಎಂದರು. ರಾತ್ರಿ ಎಣ್ಣೆ ಹಚ್ಚಲು ಹೋದಾಗ ನೋಡಿದೆ, ಭುಜ ನೇರಳೆ ಬಣ್ಣಕ್ಕೆ ತಿರುಗಿತ್ತು.

ಮಾರನೆಯ ದಿನವೇ ಗ್ಯಾರೇಜಿಗೆ ಹೋದೆ. ವಯಸ್ಸಾದ ಮೇಸ್ತ್ರಿ ಕಾರಿನ ಹಿಂದಿನ ಮೂಲೆಯನ್ನು ಎರಡೂ ಕೈಯಿಂದ ಒತ್ತಿ ಬಿಟ್ಟರು. ಕಾರು ಒಂದು, ಎರಡು, ಮೂರು, ನಾಲ್ಕು ಸಲ ತೂಗಾಡಿತು. “ಮೇಡಮ್ಮೋರೆ, ಇದ್ರಲ್ಲಿ ಶಾಕಬ್ಸರ್ರೇ ಇಲ್ಲ. ಇದು ಕಾರಲ್ಲ, ತೊಟ್ಲು” ಎಂದರು. ನಾನು, “ಇದುವರೆಗೂ ಚೆನ್ನಾಗೇ ಓಡ್ತಿತ್ತಲ್ಲ” ಎಂದೆ. “ದಿನಾ ಓಡ್ಸೋರಿಗೆ ಗೊತ್ತಾಗಲ್ಲ. ಒಂದೇ ದಿನಕ್ಕೆ ಹೋಗೋ ಸಾಮಾನಲ್ಲ ಇದು. ದಿನಕ್ಕಿಷ್ಟು ಅಂತ ಹೋಗುತ್ತೆ. ನಮ್ಮ ಮೈ ಅದಕ್ಕೇ ಒಗ್ಗಿಬಿಡುತ್ತೆ” ಎಂದರು.

ಆ ಮಾತು ನನ್ನನ್ನು ಹಿಡಿದುಕೊಂಡಿತು. ಶಾಲೆಯ ಲೈಬ್ರರಿಯಲ್ಲಿ, ಅಪ್ಪನ ಟ್ರಂಕಿನಲ್ಲಿದ್ದ ಕಾರಿನ ಕೈಪಿಡಿಯಲ್ಲಿ, ಆಮೇಲಿನ ವರ್ಷಗಳಲ್ಲಿ ಸಿಕ್ಕ ಪುಸ್ತಕಗಳಲ್ಲಿ ಹುಡುಕಿ ಹುಡುಕಿ ಓದಿದೆ. ಶಾಕ್ ಅಬ್ಸಾರ್ಬರ್ ಎಂಬ, ನಮ್ಮ ಗ್ಯಾರೇಜುಗಳಲ್ಲಿ ಶಾಕಬ್ಸರ್ ಆಗಿರುವ ಈ ವಸ್ತುವಿಗೂ ಒಂದು ಚರಿತ್ರೆಯಿದೆ.

ಗಾಡಿಯಲ್ಲಿ ಕೂತವರ ಸೊಂಟ ಉಳಿಸಬೇಕೆಂದು ಮನುಷ್ಯ ಮೊದಲು ಹುಡುಕಿದ್ದು ಕಮಾನು ಪಟ್ಟಿಯನ್ನು. ಇಂಗ್ಲೆಂಡಿನ ಒಬದಾಯ ಎಲಿಯಟ್ ಎಂಬಾತ 1804ರಲ್ಲಿ ಬಾಗಿದ ಉಕ್ಕಿನ ಪಟ್ಟಿಗಳ ಮೇಲೆ ಕುದುರೆ ಸಾರೋಟು ಕೂರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ನಮ್ಮ ಜಟಕಾ ಗಾಡಿಗಳ ಕೆಳಗೆ ಇದ್ದದ್ದೂ, ಲಾರಿಗಳ ಕೆಳಗೆ ಈಗಲೂ ಇರುವುದೂ ಅದೇ ಜಾತಿಯ ಪಟ್ಟಿ. ಕುದುರೆಯ ವೇಗಕ್ಕೆ ಅದು ಸಾಕಿತ್ತು. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬರ್ಥಾ ಬೆಂಜ್ ಎಂಬಾಕೆ ಗಂಡನಿಗೆ ಹೇಳದೆ ಅವನು ಕಂಡುಹಿಡಿದ ಮೂರು ಚಕ್ರದ ಮೋಟಾರು ಬಂಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ತವರೂರಾದ ಫೋರ್ಟ್ಸ್‌ಹೈಮಿಗೆ ನೂರು ಚಿಲ್ಲರೆ ಕಿಲೋಮೀಟರ್ ಹೋದಳು. ಮೋಟಾರು ಬಂಡಿಯಲ್ಲಿ ಅಷ್ಟು ದೂರ ಹೋದವರಲ್ಲಿ ಅವಳೇ ಮೊದಲಿಗಳು. ಪೆಟ್ರೋಲಿನ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳಂತೆ. ಬ್ರೇಕು ಸವೆದಾಗ ಚಮ್ಮಾರನಿಂದ ತೊಗಲು ಹೊಡೆಸಿದಳಂತೆ. ಅವಳ ಬಂಡಿಗೆ ಹಿಂದೆ ಕಮಾನು ಪಟ್ಟಿ ಇತ್ತು, ಆದರೆ ಆ ಕಮಾನನ್ನು ಹಿಡಿದು ನಿಲ್ಲಿಸುವ ಸಾಧನ ಯಾವುದೂ ಇರಲಿಲ್ಲ. ತವರಿಗೆ ಹೋಗುವ ಹುರುಪಿನಲ್ಲಿ ಮೈನೋವು ಗೊತ್ತಾಗಿರಲಿಕ್ಕಿಲ್ಲ.

ಕಮಾನಿನ ದೋಷ ಇದು: ಅದು ಪೆಟ್ಟನ್ನು ತಾನು ತೆಗೆದುಕೊಳ್ಳುತ್ತದೆ, ಆದರೆ ಇಟ್ಟುಕೊಳ್ಳುವುದಿಲ್ಲ. ಒತ್ತಿದಷ್ಟನ್ನೂ ವಾಪಸು ಕೊಡುತ್ತದೆ. ಮತ್ತೆ ತೆಗೆದುಕೊಳ್ಳುತ್ತದೆ, ಮತ್ತೆ ಕೊಡುತ್ತದೆ. ಒಂದು ಗುಂಡಿಗೆ ನಾಲ್ಕು ಕುಲುಕು. ವೇಗ ಹೆಚ್ಚಿದಂತೆ ಈ ಕುಣಿತದಲ್ಲಿ ಚಕ್ರ ನೆಲವನ್ನೇ ಬಿಡುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ಸ್ಟಿಯರಿಂಗೂ ಇಲ್ಲ. ಮೋಟಾರು ಪಂದ್ಯಗಳಲ್ಲಿ ಇದು ಜೀವಕ್ಕೇ ಕುತ್ತಾದಾಗ, 1900ರ ನಂತರದ ಮೊದಲ ವರ್ಷಗಳಲ್ಲಿ ಫ್ರಾನ್ಸಿನ ಟ್ರುಫೊ ಮತ್ತು ಅಮೆರಿಕದ ಹಾರ್ಟ್‌ಫರ್ಡ್ ಸೇರಿ ಒಂದು ಉಪಾಯ ಜನಪ್ರಿಯ ಮಾಡಿದರು. ಕತ್ತರಿಯಂತೆ ಎರಡು ತೋಳು, ನಡುವೆ ಬಿಗಿಯಾಗಿ ಒತ್ತಿದ ಬಿಲ್ಲೆಗಳು. ಕಮಾನು ಕುಣಿಯಲು ಹೋದರೆ ಬಿಲ್ಲೆಗಳು ಉಜ್ಜಿ ತಡೆಯುತ್ತವೆ. ಆಮೇಲೆ ಹುದಾಯ್ ಎಂಬ ಫ್ರೆಂಚರವನು ಎಣ್ಣೆಯಿಂದ ತಡೆಯುವ ಸಾಧನ ಮಾಡಿದ. 1927ರ ಕೊನೆಗೆ ಬಂದ ಫೋರ್ಡ್ ಮಾಡೆಲ್ ಎ ಕಾರಿಗೆ ಅದನ್ನು ಹಾಕಿದ್ದರಿಂದ ಸಾಮಾನ್ಯರಿಗೂ ಸಿಕ್ಕಿತು. ಮುಂದೆ ಬಂದದ್ದೇ ಈಗ ನಾವು ಸ್ಕೂಟರಿನಲ್ಲೂ ಕಾರಿನಲ್ಲೂ ಕಾಣುವ ಕೊಳವೆ ಆಕಾರದ್ದು.

ಅದರೊಳಗೆ ಏನಿದೆ? ಚಕ್ಕುಲಿ ಒರಳನ್ನು ನೆನೆಸಿಕೊಳ್ಳಿ. ಹಿಟ್ಟನ್ನು ಸಣ್ಣ ತೂತುಗಳಿಂದ ಹೊರಗೆ ನೂಕಬೇಕಾದರೆ ನಮ್ಮ ರಟ್ಟೆ ಎಷ್ಟು ಸೋಲುತ್ತದೆ! ಎಷ್ಟೇ ಅವಸರ ಮಾಡಿದರೂ ಅದು ತನ್ನ ನಿಧಾನದಲ್ಲೇ ಇಳಿಯುತ್ತದೆ. ಶಾಕಬ್ಸರ್ ಎಂದರೆ ಎಣ್ಣೆ ತುಂಬಿದ, ಎರಡೂ ಕಡೆಯಿಂದ ಮುಚ್ಚಿದ ಒಂದು ಚಕ್ಕುಲಿ ಒರಳು. ಒಳಗಿನ ಬಿಲ್ಲೆ ಮೇಲೆ ಕೆಳಗೆ ಹೋಗಬೇಕಾದರೆ ಎಣ್ಣೆ ಸಣ್ಣ ತೂತುಗಳಿಂದ ನುಸುಳಬೇಕು. ಕುಣಿಯುವ ಕಸುವೆಲ್ಲ ಆ ನುಸುಳುವಿಕೆಯಲ್ಲಿ ಬಿಸಿಯಾಗಿ ಕರಗಿಹೋಗುತ್ತದೆ. ಅದು ಗುಂಡಿಯ ಪೆಟ್ಟನ್ನು ಸ್ವಲ್ಪ ಸುಲಭವಾಗಿ ಒಳಗೆ ಬಿಟ್ಟು, ಕಮಾನು ಚಿಮ್ಮಿ ವಾಪಸು ಬರುವಾಗ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಹಾಗೆ ನೋಡಿದರೆ ಹೆಸರೇ ತಪ್ಪು. ಪೆಟ್ಟು ತಿನ್ನುವುದು ಕಮಾನು. ಆ ಪೆಟ್ಟು ಮತ್ತೆ ಮತ್ತೆ ಮರುಕಳಿಸದಂತೆ ಮುಗಿಸುವುದು ಶಾಕಬ್ಸರ್.

ಇನ್ನು ಅಪ್ಪನ ‘ಸ್ಪೋರ್ಟ್ಸ್ ಕಾರಿ’ನ ವಿಷಯ. ಹೆರಾಲ್ಡ್ ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆಸರಿನಲ್ಲಿ 1959ರಲ್ಲಿ ಬಂತು. ಅದರ ರೂಪ ಬರೆದವನು ಇಟಲಿಯ ಮಿಕೆಲೊಟ್ಟಿ. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ 1961ರಲ್ಲಿ ಅದನ್ನು ನಮ್ಮಲ್ಲಿ ತಯಾರಿಸತೊಡಗಿತು. ಶಾಕಬ್ಸರ್ ತಯಾರಿಸುವ ಗೇಬ್ರಿಯಲ್ ಇಂಡಿಯಾ ಮುಂಬಯಿಯಲ್ಲಿ ಶುರುವಾದದ್ದೂ ಅದೇ ವರ್ಷ. 1962ರಲ್ಲಿ ಇಂಗ್ಲೆಂಡಿನವರು ಹೆರಾಲ್ಡಿನ ಅಡಿಕಟ್ಟನ್ನೇ ಚಿಕ್ಕದು ಮಾಡಿ, ಅದೇ ಕಮಾನು, ಅದೇ ಹಿಂದಿನ ಆಕ್ಸಲ್ಲು ಇಟ್ಟು, ಮೇಲೆ ಎರಡೇ ಸೀಟಿನ ಮೈ ಕೂರಿಸಿ ಸ್ಪಿಟ್‌ಫೈರ್ ಎಂಬ ನಿಜವಾದ ಸ್ಪೋರ್ಟ್ಸ್ ಕಾರು ಮಾಡಿದರು. ಮದ್ರಾಸಿನ ಹತ್ತಿರದ ಶೋಲವರಂ ವಿಮಾನಪಟ್ಟಿಯ ಮೇಲಿನ ಪಂದ್ಯಗಳಲ್ಲಿ ನಮ್ಮ ಹೆರಾಲ್ಡುಗಳೂ ಓಡಿದವು. ಹಾಗಾಗಿ ಅಪ್ಪನ ಕಾರು ಸ್ಪೋರ್ಟ್ಸ್ ಕಾರಿನ ಒಡಹುಟ್ಟಿದ್ದು.

ಆದರೆ ಈ ಅಣ್ಣತಮ್ಮಂದಿರಿಗೆ ಒಂದೇ ಕಾಯಿಲೆ. ಹಿಂದಿನ ಎರಡು ಚಕ್ರಗಳ ನಡುವೆ ಒಂದೇ ಕಮಾನು ಅಡ್ಡಕ್ಕೆ ಇರುತ್ತದೆ. ಚಕ್ರಗಳು ಹಕ್ಕಿಯ ರೆಕ್ಕೆಯಂತೆ ನಡುವಿನಿಂದ ಮೇಲೆ ಕೆಳಗೆ ಆಡುತ್ತವೆ. ತಿರುವಿನಲ್ಲಿ ಜೋರಾಗಿ ಹೋಗುವಾಗ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಏಳುತ್ತದೆ, ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ, ಕಾರು ಜಾರುತ್ತದೆ. ಆ ಏಳುವಿಕೆಯನ್ನು ಹಿಡಿದಿಡಬೇಕಾದದ್ದು ಶಾಕಬ್ಸರ್. ನಾನು ಆಡಿನ ಮಂದೆ ಕಂಡು ಮಾಡಿದ್ದು, ಸವೆದ ಶಾಕಬ್ಸರಿನ ಹೆರಾಲ್ಡಿನಲ್ಲಿ ಯಾವುದನ್ನು ಮಾಡಬಾರದೋ ಅದನ್ನೇ. 1972ರಲ್ಲಿ ಮದ್ರಾಸಿನವರು ಗೆಝೆಲ್ ಎಂಬ ಹೊಸ ಕಾರು ತಂದಾಗ ಈ ರೆಕ್ಕೆಯ ಏರ್ಪಾಟನ್ನೇ ಕೈಬಿಟ್ಟು ಗಟ್ಟಿ ಆಕ್ಸಲ್ಲು, ಉದ್ದುದ್ದ ಕಮಾನು ಪಟ್ಟಿ ಹಾಕಿದರು. ಅದೂ 1977ರಲ್ಲಿ ನಿಂತುಹೋಯಿತು.

ಇಂಥ ಕಾರಿಗೆ 1994ರಲ್ಲಿ ಹೊಸ ಶಾಕಬ್ಸರ್ ಎಲ್ಲಿಂದ ತರುವುದು? ಹಾಸನದಲ್ಲಿ ಒಬ್ಬರು ಹಳೆಯದನ್ನೇ ಕೊಯ್ದು, ಎಣ್ಣೆ ತುಂಬಿ, ಬೆಸುಗೆ ಹಾಕಿ, ಕಪ್ಪು ಬಣ್ಣ ಬಳಿದು ಕೊಡುತ್ತೇನೆಂದರು. ಮೇಸ್ತ್ರಿ ಬೇಡವೆಂದರು. ಒಳಗಿನ ಬಿಲ್ಲೆಯೂ ಸೀಲೂ ಸವೆದಿರುವಾಗ ಎಣ್ಣೆ ತುಂಬುವುದು ತಳ ಒಡೆದ ಬಿಂದಿಗೆಗೆ ನೀರು ಹೊಯ್ದಂತೆ. ಬೇಸಿಗೆ ರಜೆ ಶುರುವಾದ ಮೇಲೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಅಂಗಡಿಯಿಂದ ಅಂಗಡಿಗೆ ಹತ್ತಿ ಇಳಿದು, “ಗಂಡಸರು ಯಾರೂ ಬರ್ಲಿಲ್ವಾ?” ಎಂಬ ಪ್ರಶ್ನೆಗೆ ಏಳೆಂಟು ಸಲ ಉತ್ತರ ಕೊಟ್ಟೆ. ಕೊನೆಗೆ ಒಬ್ಬ ಮುದುಕರು ನಾನು ಒಯ್ದಿದ್ದ ಹಳೆಯದರ ಉದ್ದವನ್ನು ಗೇಣಿನಲ್ಲಿ ಅಳೆದು, ಎರಡು ವಾರ ಬಿಟ್ಟು ಬನ್ನಿ ಎಂದರು. ಎರಡು ವಾರಕ್ಕೆ ಧೂಳು ಹಿಡಿದ ನಾಲ್ಕು ರಟ್ಟಿನ ಡಬ್ಬಿ ಸಿಕ್ಕವು. ಹೆಚ್ಚುಕಡಿಮೆ ನನ್ನ ಒಂದು ತಿಂಗಳ ಸಂಬಳ. ಮನೆಯಲ್ಲಿ “ಹಿಂದಿನದು ಎರಡೇ ಬದಲಾಯಿಸಿದರೆ ಸಾಲದೆ?” ಎಂಬ ಮಾತು ಬಂತು. ಅದೂ ಆಗಬಹುದಿತ್ತು. ಹಾಕುವುದಾದರೆ ಎಡಬಲ ಜೋಡಿಯಾಗಿ ಹಾಕಬೇಕು, ಒಂದು ಹೊಸತು ಒಂದು ಹಳತು ಮಾತ್ರ ಕೂಡದು ಎಂಬುದು ನಿಯಮ. ಆದರೆ ನಮ್ಮ ಕಾರಿನಲ್ಲಿ ಮುಂದಿನವೂ ಎಣ್ಣೆ ಕಾರಿ ಒಣಗಿದ್ದವು.

ಒಂದು ಭಾನುವಾರ ಇಡೀ ದಿನ ನಾನು ಗ್ಯಾರೇಜಿನಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಹಿಂದಿನದು ಸುಲಭ. ಅಡಿಕಟ್ಟಿಗೆ ಜಾಕಿನ ಜೊತೆ ಗಟ್ಟಿ ದಿಮ್ಮಿಯ ಆಸರೆ ಕೊಟ್ಟು, ಚಕ್ರ ಬಿಚ್ಚಿ, ಮೇಲೊಂದು ಕೆಳಗೊಂದು ನಟ್ಟು ತೆಗೆದರೆ ಮುಗಿಯಿತು. ಮುಗಿಯಿತು ಎಂದು ಬರೆಯುವುದು ಸುಲಭ. ಆ ನಟ್ಟುಗಳು ತುಕ್ಕು ಹಿಡಿದು, ಸೀಮೆಎಣ್ಣೆ ಕುಡಿಸಿ ರಾತ್ರಿಯೆಲ್ಲ ನೆನೆಸಿಟ್ಟರೂ ಬೆಳಿಗ್ಗೆ ಜಗ್ಗಲಿಲ್ಲ. ಒಂದನ್ನು ಉಳಿ ಹಾಕಿ ಸೀಳಬೇಕಾಯಿತು. ಬಿಚ್ಚಿದ ಶಾಕಬ್ಸರನ್ನು ಮೇಸ್ತ್ರಿ ನನ್ನ ಕೈಗೆ ಕೊಟ್ಟರು. ಎಳೆದೆ, ಬಂತು. ಒತ್ತಿದೆ, ಹೋಯಿತು. ವಾಷರು ಹೋದ ಸೈಕಲ್ ಪಂಪಿನಂತೆ ಯಾವ ತಡೆಯೂ ಇಲ್ಲ. ಹೊಸದನ್ನು ಎಳೆದರೆ ನನ್ನ ಎರಡೂ ಕೈ ಸೋತವು.

ಮುಂದಿನದರಲ್ಲೇ ಅಪಾಯ. ಹೆರಾಲ್ಡಿನ ಬಾನೆಟ್ಟು ಮಡ್‌ಗಾರ್ಡ್ ಸಮೇತ ಪೂರ್ತಿ ಮುಂದಕ್ಕೆ ಮಗುಚುತ್ತದೆ. ಟೈರಿನ ಮೇಲೆ ಕೂತು ಕೆಲಸ ಮಾಡಬಹುದು. ಆದರೆ ಶಾಕಬ್ಸರ್ ಇರುವುದು ಸುರುಳಿ ಸ್ಪ್ರಿಂಗಿನ ಹೊಟ್ಟೆಯೊಳಗೆ. ಮೇಲೆ ಮೂರು ನಟ್ಟು, ಕೆಳಗೊಂದು ಬೋಲ್ಟು ಬಿಚ್ಚಿ ಎರಡನ್ನೂ ಒಟ್ಟಿಗೆ ಹೊರಗೆ ತೆಗೆದು, ಸ್ಪ್ರಿಂಗನ್ನು ಅದುಮಿ ಹಿಡಿದು, ಆಮೇಲೆ ನಡುವಿನ ನಟ್ಟು ಬಿಚ್ಚಬೇಕು. ಅದುಮಿದ ಸ್ಪ್ರಿಂಗು ಕೈತಪ್ಪಿದರೆ ಎದೆ ಸೀಳುತ್ತದೆ. ಮೇಸ್ತ್ರಿ ಲೇತಿನಲ್ಲಿ ಮಾಡಿಸಿದ ಮರೆಯ ಸರಳುಗಳನ್ನು ಸುತ್ತ ಸಿಕ್ಕಿಸಿ, ಒಂದೊಂದು ಸುತ್ತನ್ನೂ ಸರದಿಯ ಮೇಲೆ ಬಿಗಿದರು. ಅಷ್ಟು ಹೊತ್ತು ಯಾರನ್ನೂ ಎದುರಿಗೆ ನಿಲ್ಲಗೊಡಲಿಲ್ಲ. ಟೀ ತಂದ ಹುಡುಗನನ್ನು ಗದರಿ ಓಡಿಸಿದರು.

ಚಕ್ರದ ಹತ್ತಿರದ ಹಿತ್ತಾಳೆಯಂಥ ಒಂದು ತಿರುಪಿನ ಕೀಲನ್ನು ತೋರಿಸಿ, “ಇದಕ್ಕೆ ಗ್ರೀಸು ಹೊಡೆದೂ ಹೊಡೆದೂ ಎಷ್ಟೋ ಹೆರಾಲ್ಡಿನ ಚಕ್ರ ಮುರಿದು ಬಿದ್ದಿವೆ. ಇದಕ್ಕೆ ಗೇರೆಣ್ಣೆನೇ ಬಿಡಬೇಕು” ಎಂದರು. ಕೈಪಿಡಿಯಲ್ಲೂ ಹಾಗೇ ಬರೆದಿತ್ತು. ರಬ್ಬರ್ ಬುಷ್ಷುಗಳೆಲ್ಲ ಹೊಸದಾದವು. ಕೊನೆಯ ಬಿಗಿತವನ್ನು ಮಾತ್ರ ಅವರು ಕಾರನ್ನು ಜಾಕಿನಿಂದ ಇಳಿಸಿ, ಚಕ್ರದ ಮೇಲೆ ಭಾರ ಬಿದ್ದ ಮೇಲೆಯೇ ಮಾಡಿದರು. ಕಾರು ಮೇಲೆ ತೂಗುತ್ತಿರುವಾಗಲೇ ಬಿಗಿದುಬಿಟ್ಟರೆ ಇಳಿಸಿದ ಮೇಲೆ ರಬ್ಬರು ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದಂತೆ. ಸಂಜೆ ನನ್ನನ್ನೇ ಕರೆದು ಮೂಲೆ ಒತ್ತಿಸಿದರು. ಕಾರು ಒಂದು ಸಲ ಮೇಲೆದ್ದು, ಸುಮ್ಮನೆ ನಿಂತಿತು. ಮನೆಯ ಮುಂದೆ ನಿಂತಿರುವ ನಿಮ್ಮ ಕಾರನ್ನೂ ಹೀಗೆ ಒಮ್ಮೆ ಒತ್ತಿ ನೋಡಿ. ಎರಡು ಸಲಕ್ಕಿಂತ ಹೆಚ್ಚು ತೂಗಿದರೆ ಕೇಳಿ ನೋಡಬೇಕಾದದ್ದು ಇದೆ ಎಂದು ಅರ್ಥ. ಹಾಗೆ ತೂಗದಿದ್ದರೂ ಕೊಳವೆಯ ಮೇಲೆ ಎಣ್ಣೆ ಜಿನುಗಿದ್ದರೆ, ಟೈರು ಅಲ್ಲಲ್ಲಿ ಬಟ್ಟಲಿನಂತೆ ಸವೆದಿದ್ದರೆ ತೋರಿಸುವುದು ಒಳ್ಳೆಯದು.

ಮೇ ಕೊನೆಗೆ ಗೊರೂರಿಗೆ ಹೊರಟೆವು. ಈ ಸಲ ನಾನು ಹಿಂದಿನ ಸೀಟಿನ ತುಂಬ ಬೇಕೆಂದೇ ಚೀಲ ಇಟ್ಟು, ಅಮ್ಮನಿಗೆ ಮುಂದಿನ ಬಾಗಿಲು ತೆರೆದೆ. ಅಮ್ಮ ಅನುಮಾನಿಸಿ, ಪರರ ಮನೆಯ ಕುರ್ಚಿಯಲ್ಲಿ ಕೂರುವಂತೆ ತುದಿಯಲ್ಲಿ ಕೂತರು. ಅದೇ ಗುಂಡಿಗಳು. ದಡ್ ಎನ್ನುತ್ತಿತ್ತು, ಅಷ್ಟೇ. ಆ ಕಿರ್ರ್ ಕಿರ್ರ್ ಇರಲಿಲ್ಲ. ಆಡಿನ ಮಂದೆಯ ತಿರುವಿನಲ್ಲಿ ಕಾರು ನೆಲ ಕಚ್ಚಿಕೊಂಡು ತಿರುಗಿತು. ಆ ಹೊತ್ತಿಗೆ ನಾನು ಗಮನಿಸಿದೆ, ಅಮ್ಮನ ಬಲಗೈ ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು. ಪ್ರತಿ ಗುಂಡಿಗೂ ಮೊದಲೇ ಬಿಗಿದು, ಆಮೇಲೆ ಏನೂ ಬರದಿದ್ದಾಗ ಸಡಿಲಿಸುತ್ತಿತ್ತು. ಇಪ್ಪತ್ತು ವರ್ಷದ ಅಭ್ಯಾಸ. ಕಟ್ಟೆ ಕಾಣುವ ಹೊತ್ತಿಗೆ ಕೈ ಮಡಿಲಿಗೆ ಬಂದಿತ್ತು.

“ಹಿಂದೆ ಕೂತಾಗ ತುಂಬ ಎತ್ತಿ ಹಾಕ್ತಿತ್ತಾ ಅಮ್ಮ?” ಎಂದೆ.

“ಹೂಂ. ರಾತ್ರಿ ಸೊಂಟ ಹಿಡ್ಕೊಳ್ಳೋದು.”

“ಯಾಕೆ ಒಂದು ದಿನಾನೂ ಹೇಳಲಿಲ್ಲ?”

ಅಮ್ಮ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದರು. “ನಿಮ್ಮಪ್ಪ ಯಾವಾಗ್ಲೂ ‘ಕಾರು ಹೆಂಗೆ ಓಡ್ತಾ ಇದೆ’ ಅಂತ ಕೇಳೋರು. ಕಾರು ಚೆನ್ನಾಗೇ ಓಡ್ತಿತ್ತಲ್ಲೇ.”

ಶೆಟ್ಟಿಹಳ್ಳಿಯ ಕಡೆ ನೀರು ಬಹಳ ಇಳಿದಿತ್ತು. ಅಮ್ಮ ತಾವೇ ಬಾಗಿಲು ತೆಗೆದು ಇಳಿದರು. ಸೀಟು ಮಡಿಸುವವರಿಗೆ ಕಾಯಬೇಕಾಗಿರಲಿಲ್ಲ. ಬಿರುಕು ಬಿಟ್ಟ ಕೆಸರಿನಾಚೆ ಒಂದು ಕಡೆ ಬೆರಳು ತೋರಿಸಿ, “ಅಲ್ಲಿ ನಮ್ಮ ಹಿತ್ತಿಲು. ಹಲಸಿನ ಮರ ಇತ್ತು. ಊರು ಖಾಲಿ ಮಾಡೋ ದಿನ ಅದು ಕಾಯಿ ಬಿಟ್ಟಿತ್ತು” ಎಂದರು. ಮುಳುಗಿದ ಊರಿನ ಬಗ್ಗೆ ಅಮ್ಮ ನನ್ನೆದುರಿಗೆ ಆಡಿದ ಮೊದಲ ಮಾತು ಅದು. ಆಮೇಲೆ ಒಂದು ಗಂಟೆ ಹೇಳುತ್ತಲೇ ಇದ್ದರು. ಬಾವಿ, ಬಾವಿಯ ಹತ್ತಿರದ ತುಳಸಿಕಟ್ಟೆ, ಚರ್ಚಿನ ಗಂಟೆ ಕೇಳಿ ಹಾಲು ಕರೆಯುತ್ತಿದ್ದ ಅಜ್ಜಿ. ಅಪ್ಪನನ್ನು ಬೈಯಲಿಲ್ಲ. ಕಟ್ಟೆಯ ನೀರಿನಿಂದ ಗದ್ದೆ ಹಸಿರಾದವರ ವಿಷಯವನ್ನೂ ಹೇಳಿದರು. ಆದರೆ ಹೇಳಿದರು.

ಆ ಕಾರನ್ನು 2003ರಲ್ಲಿ ಹಳೆಯ ಕಾರುಗಳ ಹುಚ್ಚಿನವರೊಬ್ಬರು ಕೊಂಡೊಯ್ದರು. ಅಮ್ಮನೂ ಈಗಿಲ್ಲ. ನನಗೆ ಎಪ್ಪತ್ತು ಹತ್ತಿರವಾಯಿತು. ಮಗನ ದೊಡ್ಡ ಕಾರಿನಲ್ಲಿ ಹಿಂದಿನ ಸೀಟು ನನ್ನದು. ಗುಂಡಿ ಬಂದಾಗ ಅವನು ಕನ್ನಡಿಯಲ್ಲಿ ನೋಡಿ “ಆರಾಮಾಗಿದೆಯಾ ಅಮ್ಮ?” ಎನ್ನುತ್ತಾನೆ. “ಏನೂ ಇಲ್ಲ ಕಣೋ” ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ. ಅದನ್ನು ನುಂಗಿ, ಎತ್ತಿ ಹಾಕಿದ್ದರೆ ಎತ್ತಿ ಹಾಕಿತು ಎಂದೇ ಹೇಳುತ್ತೇನೆ.